ನಾಳದೊಳಗೇ ಹೆಪ್ಪುಗಟ್ಟುವ ರಕ್ತ

ನಾಳದೊಳಗೆ ಹರಿಯುವಷ್ಟು ಹೊತ್ತು ರಕ್ತ ತೆಳುವಾಗಿಯೇ ಇರಬೇಕು, ನಾಳ ಹರಿದು ಹೊರಬಿದ್ದ ಕೂಡಲೇ ಗಟ್ಟಿಯಾಗಬೇಕು. ಬ್ಯಾಕ್ಟೀರಿಯಾಗಳ ಕೆಲವು ವಿಷಗಳು ಈ ಕಟ್ಟಳೆಯನ್ನು ತಲೆಕೆಳಗು ಮಾಡುತ್ತವೆ. ಗಾಯವೇ ಇಲ್ಲದ ಕಡೆ, ಮೂತ್ರಪಿಂಡ, ಶ್ವಾಸಕೋಶ, ಚರ್ಮ, ಬೆರಳ ತುದಿಗಳ ಅತಿ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಅದೇ ರೋಗಿಯ ವಸಡಿನಿಂದ, ಸೂಜಿ ಚುಚ್ಚಿದ ತೂತಿನಿಂದ ರಕ್ತ ನಿಲ್ಲದೆ ಜಿನುಗುತ್ತದೆ. ಆಸ್ಪತ್ರೆಗಳಲ್ಲಿ ಡಿಐಸಿ ಎಂಬ ಮೂರಕ್ಷರದಲ್ಲಿ ಹೇಳುವ ಈ ಸ್ಥಿತಿ ತಾನೇ ಒಂದು ರೋಗವಲ್ಲ. ಬೇರೊಂದು ರೋಗ ಮಿತಿಮೀರಿದಾಗ ಅದರ ಬೆನ್ನಿಗೆ ಬರುವ ಅವಸ್ಥೆ ಅದು, ಮತ್ತು ಅದನ್ನು ತರುವ ಕಾರಣಗಳಲ್ಲಿ ಮೊದಲ ಸಾಲಿನದು ಬ್ಯಾಕ್ಟೀರಿಯಾದ ಸೋಂಕು ರಕ್ತಕ್ಕಿಳಿದು ಮೈಯೆಲ್ಲ ನಂಜಾಗುವುದು.

ರಕ್ತ ಗಟ್ಟಿಯಾಗುವ ಕ್ರಮವನ್ನು ಮೊದಲು ನೋಡಬೇಕು. ನಾಳದ ಒಳಗೋಡೆಗೆ ಒಂದೇ ಪದರದ ಜೀವಕೋಶಗಳ ಹಾಸು ಇದೆ. ಅದರ ಹೊರಗೆ, ಅಂದರೆ ರಕ್ತ ಮುಟ್ಟದ ಕಡೆ, ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಇರುತ್ತದೆ. ಗಾಯವಾದಾಗ ರಕ್ತ ಅದನ್ನು ತಾಗುತ್ತದೆ. ಹೆಪ್ಪುಗಟ್ಟಿಸಲೆಂದು ರಕ್ತದಲ್ಲಿರುವ, ಸಂಖ್ಯೆಯಿಂದ ಗುರುತಿಸುವ ಅಂಶಗಳಲ್ಲಿ ಏಳನೆಯದು ಅದಕ್ಕೆ ಅಂಟಿ ಎಚ್ಚರಗೊಂಡು ಹತ್ತನೆಯ ಅಂಶವನ್ನು ಎಬ್ಬಿಸುತ್ತದೆ, ಹತ್ತನೆಯದು ಪ್ರೋಥ್ರಾಂಬಿನ್ ಅನ್ನು ಥ್ರಾಂಬಿನ್ ಆಗಿ ಬದಲಿಸುತ್ತದೆ. ಥ್ರಾಂಬಿನ್ ಎರಡು ಕೆಲಸ ಮಾಡುತ್ತದೆ. ಫೈಬ್ರಿನೋಜನ್ ಎಂಬ ಕರಗಿದ ಪ್ರೋಟೀನನ್ನು ಫೈಬ್ರಿನ್ ಎಳೆಗಳಾಗಿ ಮಾಡುವುದು ಒಂದು, ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ ಒಂದಕ್ಕೊಂದು ಅಂಟಿಸುವುದು ಇನ್ನೊಂದು. ಎಳೆಗಳ ಬಲೆಯಲ್ಲಿ ಪ್ಲೇಟ್‌ಲೆಟ್‌ಗಳೂ ಕೆಂಪು ಕಣಗಳೂ ಸಿಕ್ಕಿಬಿದ್ದು ಹೆಪ್ಪು ಆಗುತ್ತದೆ.

ಇದು ಗಾಯದ ಜಾಗ ಬಿಟ್ಟು ಹರಡದಂತೆ ಮೂರು ತಡೆಗಳಿವೆ. ಆಂಟಿಥ್ರಾಂಬಿನ್ ಎಂಬ ಪ್ರೋಟೀನ್ ಥ್ರಾಂಬಿನ್ ಅನ್ನೂ ಹತ್ತನೆಯ ಅಂಶವನ್ನೂ ಹಿಡಿದುಹಾಕುತ್ತದೆ. ನಾಳದ ಹಾಸಿನ ಮೇಲಿರುವ ಥ್ರಾಂಬೊಮಾಡ್ಯುಲಿನ್ ಥ್ರಾಂಬಿನ್‌ನ ಗುಣವನ್ನೇ ತಿರುಗಿಸಿ, ಪ್ರೋಟೀನ್ ಸಿ ಎಂಬ ಹೆಪ್ಪುರೋಧಕವನ್ನು ಎಚ್ಚರಿಸುವ ಕೆಲಸಕ್ಕೆ ಹಚ್ಚುತ್ತದೆ. ಮೂರನೆಯದು ಟಿಶ್ಯೂ ಫ್ಯಾಕ್ಟರ್ ಇರುವಲ್ಲಿಯೇ ಅದನ್ನು ಅದುಮುವ ಪ್ರೋಟೀನ್. ಇವುಗಳ ಜೊತೆಗೆ, ಆದ ಹೆಪ್ಪನ್ನು ಕರಗಿಸಲು ಪ್ಲಾಸ್ಮಿನ್ ಬೇರೆಯೇ ಇದೆ. ಬ್ಯಾಕ್ಟೀರಿಯಾದ ವಿಷ ಹೆಪ್ಪಿನ ದಾರಿಯನ್ನು ತೆರೆಯುವುದರ ಜೊತೆಗೆ ಈ ತಡೆಗಳನ್ನೂ, ಹೆಪ್ಪು ಕರಗಿಸುವ ಏರ್ಪಾಟನ್ನೂ ಒಟ್ಟಿಗೇ ಕೆಡಿಸುತ್ತದೆ. ಅದರ ಅಪಾಯವೆಲ್ಲ ಇರುವುದು ಇಲ್ಲಿ.

ಈ ಕೆಲಸದಲ್ಲಿ ಮುಖ್ಯವಾದ ವಿಷ ಎಂಡೋಟಾಕ್ಸಿನ್. ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಸಂಸ್ಥೆಯಲ್ಲಿ ಕಾಲರಾ ರೋಗಾಣುವಿನ ಅಧ್ಯಯನ ಮಾಡುತ್ತಿದ್ದ ರಿಚರ್ಡ್ ಫೈಫರ್, ಸತ್ತ ರೋಗಾಣುವೂ ಪ್ರಾಣಿಯನ್ನು ಕೊಲ್ಲುತ್ತದೆ ಎಂಬುದನ್ನು 1892ರಲ್ಲಿ ಕಂಡು, ವಿಷ ಅದರ ದೇಹದಲ್ಲಿಯೇ ಇದೆ ಎಂದು ತೀರ್ಮಾನಿಸಿದರು. ಕಾಲರಾದ ಭೇದಿಗೆ ಕಾರಣವಾಗುವ ವಿಷ ಬೇರೆ, ಅದನ್ನು ರೋಗಾಣು ಹೊರಗೆ ಸುರಿಸುತ್ತದೆ ಎಂದು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ ಡೇ. ಎಂಡೋಟಾಕ್ಸಿನ್ ಹೀಗೆ ಸುರಿಸುವ ವಿಷವಲ್ಲ. ಗ್ರಾಂ ನೆಗೆಟಿವ್ ಎಂದು ಕರೆಯುವ ಬ್ಯಾಕ್ಟೀರಿಯಾಗಳ ಹೊರಪೊರೆಯ ಹೊರಮೈ ಬಹುಪಾಲು ಅದರಿಂದಲೇ ಆಗಿದೆ. ಕೊಬ್ಬು ಮತ್ತು ಸಕ್ಕರೆಯ ಸರಪಳಿ ಕೂಡಿದ ಈ ವಸ್ತುವಿನಲ್ಲಿ ನಂಜಿನ ಭಾಗ ಲಿಪಿಡ್ ಎ ಎಂಬ ಕೊಬ್ಬಿನ ತುಂಡು. ಮೂತ್ರದ ಸೋಂಕು ತರುವ ಇ. ಕೊಲೈ, ಟೈಫಾಯ್ಡ್‌ನ ಸಾಲ್ಮೊನೆಲ್ಲಾ, ಮಿದುಳ್ಪೊರೆಯ ಉರಿಯೂತದ ಮೆನಿಂಗೊಕಾಕಸ್, ದನಗಳ ಗಳಲೆ ರೋಗದ ಪಾಶ್ಚುರೆಲ್ಲಾ, ಎಲ್ಲವುಗಳ ಮೈಮೇಲೂ ಇದು ಇದೆ. ಬ್ಯಾಕ್ಟೀರಿಯಾ ಬೆಳೆದು ಒಡೆಯುವಾಗ, ಸಾಯುವಾಗ ಈ ಪೊರೆಯ ಚೂರುಗಳು ರಕ್ತ ಸೇರುತ್ತವೆ.

ಮನುಷ್ಯನ ಮೈ ಈ ವಿಷಕ್ಕೆ ಅತಿಯಾಗಿ ಸ್ಪಂದಿಸುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಸಂಶೋಧನೆಗೆಂದು ಕೊಡುವ ಪ್ರಮಾಣ ದೇಹತೂಕದ ಒಂದು ಕಿಲೋಗೆ 2ರಿಂದ 4 ನ್ಯಾನೋಗ್ರಾಂ ಮಾತ್ರ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟಕ್ಕೇ ಒಂದೆರಡು ತಾಸಿನಲ್ಲಿ ಚಳಿ, ನಡುಕ, ಜ್ವರ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ರಕ್ತದಲ್ಲಿ ಥ್ರಾಂಬಿನ್ ಹುಟ್ಟಿದ ಗುರುತುಗಳೂ ಕಾಣಿಸಿಕೊಳ್ಳುತ್ತವೆ.

ಎಂಡೋಟಾಕ್ಸಿನ್ ತಾನಾಗಿ ಮನುಷ್ಯನ ರಕ್ತವನ್ನು ಗಟ್ಟಿ ಮಾಡುವುದಿಲ್ಲ. ಅದು ಮಾಡುವುದು ಸುದ್ದಿ ಮುಟ್ಟಿಸುವ ಕೆಲಸ, ಮುಂದಿನದೆಲ್ಲ ಮೈಯೇ ಮಾಡಿಕೊಳ್ಳುವುದು. ಮೋನೋಸೈಟ್ ಎಂಬ ಬಿಳಿ ರಕ್ತಕಣಗಳ ಮೇಲೆ ಟಿಎಲ್‌ಆರ್ 4 ಎಂಬ ಗ್ರಾಹಕ ಲಿಪಿಡ್ ಎ ಅನ್ನು ಗುರುತಿಸುತ್ತದೆ. ಎಂಡೋಟಾಕ್ಸಿನ್‌ಗೆ ಜಗ್ಗದ ಒಂದು ಇಲಿ ತಳಿಯಲ್ಲಿ ಈ ಗ್ರಾಹಕದ ಜೀನೇ ಕೆಟ್ಟಿದೆ ಎಂದು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಪತ್ತೆಮಾಡಿತು, 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಗ್ರಾಹಕ ಎಚ್ಚರಗೊಂಡ ಮೋನೋಸೈಟ್ ಒಂದೆಡೆ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ, ಇನ್ನೊಂದೆಡೆ ನಾಳದ ಹೊರಗಷ್ಟೇ ಇರಬೇಕಾದ ಟಿಶ್ಯೂ ಫ್ಯಾಕ್ಟರನ್ನು ತನ್ನ ಮೈಮೇಲೆ ತಾನೇ ಬೆಳೆಸಿಕೊಳ್ಳುತ್ತದೆ. ಗಾಯದ ಗುರುತು ಈಗ ಹರಿಯುವ ರಕ್ತದಲ್ಲಿಯೇ ಊರೂರು ಸುತ್ತತೊಡಗುತ್ತದೆ.

ಇದಕ್ಕಿಂತ ಉಗ್ರವಾದ ಇನ್ನೊಂದು ದಾರಿಯನ್ನು 2019ರ ಸಂಶೋಧನೆಗಳು ಇಲಿಗಳಲ್ಲಿ ತೋರಿಸಿವೆ. ಎಂಡೋಟಾಕ್ಸಿನ್ ಜೀವಕೋಶದ ಒಳಗೇ ಹೊಕ್ಕರೆ ಅಲ್ಲಿನ ಕ್ಯಾಸ್ಪೇಸ್ ಎಂಬ ಕಿಣ್ವ ಎದ್ದು, ಕೋಶದ ಪೊರೆಯಲ್ಲಿ ರಂಧ್ರ ಕೊರೆಯುವ ಪ್ರೋಟೀನನ್ನು ಬಿಡುಗಡೆ ಮಾಡುತ್ತದೆ. ಕೋಶ ಬಿರಿದು, ಟಿಶ್ಯೂ ಫ್ಯಾಕ್ಟರ್ ಹೊತ್ತ ಚೂರುಗಳು ರಕ್ತಕ್ಕೆ ಚೆಲ್ಲುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಪಾತ್ರವೂ ಸಣ್ಣದಲ್ಲ. ಅವು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲಿ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತವೆ ಎಂದು 2004ರಲ್ಲಿ ತಿಳಿಯಿತು. ಆ ಬಲೆ ಬ್ಯಾಕ್ಟೀರಿಯಾದ ಜೊತೆ ಪ್ಲೇಟ್‌ಲೆಟ್‌ಗಳನ್ನೂ ಹಿಡಿಯುತ್ತದೆ, ಫೈಬ್ರಿನ್‌ಗೆ ಹಂದರವಾಗುತ್ತದೆ. ಸೋಂಕು ಒಂದು ಬೆರಳಿನಲ್ಲಿಯೋ ಒಂದು ಹುಣ್ಣಿನಲ್ಲಿಯೋ ಇರುವವರೆಗೆ ಇದು ಒಳ್ಳೆಯ ಏರ್ಪಾಟು, ರೋಗಾಣು ಅಲ್ಲಿಂದ ಮುಂದೆ ಹೋಗದಂತೆ ಹೆಪ್ಪು ಸುತ್ತುಗಟ್ಟುತ್ತದೆ. ಕೇಡಾಗುವುದು ಇದೇ ರಕ್ಷಣೆ ಮೈಯೆಲ್ಲ ಏಕಕಾಲಕ್ಕೆ ಎದ್ದಾಗ.

ಇತ್ತ ನಾಳದ ಹಾಸು ಉರಿಯೂತಕ್ಕೆ ಸಿಕ್ಕಿ ತನ್ನ ನುಣುಪು ಕಳೆದುಕೊಳ್ಳುತ್ತದೆ. ಥ್ರಾಂಬೊಮಾಡ್ಯುಲಿನ್ ಕಡಿಮೆಯಾಗುತ್ತದೆ, ಪ್ರೋಟೀನ್ ಸಿ ಮತ್ತು ಆಂಟಿಥ್ರಾಂಬಿನ್ ಖರ್ಚಾಗುತ್ತವೆ. ಹೆಪ್ಪು ಕರಗಿಸುವ ವ್ಯವಸ್ಥೆ ಮೊದಲು ಸ್ವಲ್ಪ ಹೊತ್ತು ಚುರುಕಾಗಿ, ಆಮೇಲೆ ಪಿಎಐ 1 ಎಂಬ ತಡೆವಸ್ತು ಏರಿದ್ದರಿಂದ ಕುಂಠಿತವಾಗುತ್ತದೆ. ಹೆಪ್ಪು ಆಗುತ್ತಲೇ ಇರುತ್ತದೆ, ಕರಗುವುದು ನಿಲ್ಲುತ್ತದೆ. ಮೆನಿಂಗೊಕಾಕಸ್ ಸೋಂಕಿನ ಮಕ್ಕಳ ಚರ್ಮದ ಮೇಲೆ ನೇರಳೆ ಮಚ್ಚೆಗಳು ಕೆಲವೇ ತಾಸುಗಳಲ್ಲಿ ಹರಡಿ ಕಪ್ಪಾಗುವುದು, ಕೈಕಾಲ ಬೆರಳುಗಳು ಕೊಳೆಯುವುದು ಈ ಕಾರಣಕ್ಕೆ.

ಹಾಗಾದರೆ ರಕ್ತಸ್ರಾವ ಏಕೆ? ಘಟಪ್ರಭೆಯ ಕಾಲುವೆಯಲ್ಲಿ ಮೇಲಿನ ಹೊಲಗಳೇ ನೀರು ಹೀರಿಕೊಂಡರೆ ಕೊನೆಯ ಹೊಲ ಒಣಗುವ ಹಾಗೆ, ಸಾವಿರಾರು ಸಣ್ಣ ನಾಳಗಳಲ್ಲಿ ಬೇಡದ ಹೆಪ್ಪಿಗೆ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಖರ್ಚಾಗಿ, ನಿಜವಾದ ಗಾಯಕ್ಕೆ ಏನೂ ಉಳಿಯುವುದಿಲ್ಲ. ಮಾಮೂಲಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುವ ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗೆ ಇಳಿಯಬಹುದು. ಹೆಪ್ಪೂ ಸ್ರಾವವೂ ಎರಡು ರೋಗಗಳಲ್ಲ, ಒಂದೇ ಪ್ರಕ್ರಿಯೆಯ ಎರಡು ಮುಖ. ಮನೆಯವರಿಗೆ ಕಣ್ಣಿಗೆ ಬೀಳುವುದು ಸ್ರಾವ. ಸೋಂಕಿನಿಂದ ಬಂದ ಡಿಐಸಿಯಲ್ಲಿ ಹೆಚ್ಚು ಜೀವ ತೆಗೆಯುವುದು ಕಣ್ಣಿಗೆ ಕಾಣದೆ ಮೂತ್ರಪಿಂಡ, ಶ್ವಾಸಕೋಶಗಳನ್ನು ಮುಚ್ಚುವ ಹೆಪ್ಪು ಮತ್ತು ಅದರ ಜೊತೆಗಿನ ಉರಿಯೂತ.

ಈ ವಿದ್ಯಮಾನವನ್ನು ಪ್ರಯೋಗಾಲಯದಲ್ಲಿ ಮೊದಲು ಕಂಡವರಿಗೆ ಅದು ಒಗಟಾಗಿತ್ತು. 1924ರಲ್ಲಿ ಇಟಲಿಯ ಜುಸೆಪ್ಪೆ ಸನರೆಲ್ಲಿ ಮೊಲಗಳಿಗೆ ಕಾಲರಾ ಜಾತಿಯ ರೋಗಾಣು ಚುಚ್ಚಿ, ಒಂದು ದಿನ ಬಿಟ್ಟು ಬೇರೆ ಬ್ಯಾಕ್ಟೀರಿಯಾದ ಸಾರ ಕೊಟ್ಟಾಗ ಅವು ಸ್ರಾವದಿಂದ ಸತ್ತವು. 1928ರಲ್ಲಿ ನ್ಯೂಯಾರ್ಕ್‌ನ ಗ್ರೆಗರಿ ಶ್ವಾರ್ಟ್ಸ್‌ಮನ್ ಮೊಲದ ಚರ್ಮಕ್ಕೆ ಟೈಫಾಯ್ಡ್ ರೋಗಾಣುವಿನ ಸೋಸಿದ ರಸ ಚುಚ್ಚಿ, ಮರುದಿನ ಅದೇ ರಸವನ್ನು ರಕ್ತನಾಳಕ್ಕೆ ಕೊಟ್ಟರು. ಮೊದಲು ಚುಚ್ಚಿದ ಜಾಗ ಕಪ್ಪಾಗಿ ಸತ್ತುಹೋಯಿತು. ಎರಡು ಸಲವೂ ನಾಳಕ್ಕೇ ಕೊಟ್ಟರೆ ಮೂತ್ರಪಿಂಡಗಳ ಹೊರಪದರ ಫೈಬ್ರಿನ್ ತುಂಬಿ ಕೊಳೆಯಿತು. ಮೊದಲ ಚುಚ್ಚು ಮೈಯ ತಡೆಗಳನ್ನು ಬಳಲಿಸುತ್ತದೆ, ಎರಡನೆಯದು ಬಂದಾಗ ಎದುರಿಗೆ ಯಾರೂ ಇರುವುದಿಲ್ಲ. ಗರ್ಭಿಣಿ ಮೊಲಗಳಲ್ಲಿ ಮಾತ್ರ ಒಂದೇ ಚುಚ್ಚು ಸಾಕಾಯಿತು ಎಂಬ ಸಂಗತಿ ಗಂಭೀರವಾದದ್ದು. ಬಸುರಿನಲ್ಲಿ ರಕ್ತ ಮೊದಲೇ ಹೆಪ್ಪಿನ ಕಡೆ ವಾಲಿರುತ್ತದೆ. ಬಾಣಂತಿ ನಂಜಿನಲ್ಲಿ, ಸೋಂಕು ತಗುಲಿದ ಗರ್ಭಪಾತದಲ್ಲಿ ಮೂತ್ರ ನಿಂತುಹೋಗುವುದಕ್ಕೂ ಆ ಮೊಲಗಳ ಮೂತ್ರಪಿಂಡಕ್ಕೂ ಸಂಬಂಧವಿದೆ.

ಸತ್ತ ಬ್ಯಾಕ್ಟೀರಿಯಾದ ವಿಷವೂ ವಿಷವೇ ಆದ್ದರಿಂದ ನಾಳಕ್ಕೆ ಹಾಕುವ ಸಲೈನ್, ಗ್ಲೂಕೋಸ್‌ಗಳ ವಿಷಯದಲ್ಲಿ ಬರೀ ಕುದಿಸಿದರೆ ಸಾಲದು. 121 ಡಿಗ್ರಿ ಹಬೆಯಲ್ಲಿ 15 ನಿಮಿಷ ಇಟ್ಟರೆ ರೋಗಾಣು ಸಾಯುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. ಗಾಜಿನ ಪಾತ್ರೆಯಿಂದ ಅದನ್ನು ನಾಶಮಾಡಲು 250 ಡಿಗ್ರಿ ಒಣ ಶಾಖ ಅರ್ಧ ಗಂಟೆ ಬೇಕು. ಪ್ಲಾಸ್ಟಿಕ್ ಬಾಟಲಿಯ ದ್ರಾವಣಕ್ಕೆ ಅದು ಆಗದ ಮಾತು. ಹಾಗಾಗಿ ನೀರು ಮೊದಲಿನಿಂದಲೇ ಶುದ್ಧವಿರಬೇಕು, ಆಮೇಲೆ ಪರೀಕ್ಷೆಯಾಗಬೇಕು. ಆ ಪರೀಕ್ಷೆ ಕುದುರೆಲಾಳ ಏಡಿಯಿಂದ ಬಂದದ್ದು. ಬ್ಯಾಕ್ಟೀರಿಯಾ ಸೋಕಿದರೆ ಈ ಏಡಿಯ ನೀಲಿ ರಕ್ತ ಗಟ್ಟಿಯಾಗುತ್ತದೆ ಎಂದು 1956ರಲ್ಲಿ ಫ್ರೆಡರಿಕ್ ಬ್ಯಾಂಗ್ ವರದಿ ಮಾಡಿದರು. ಅದಕ್ಕೆ ಕಾರಣ ಎಂಡೋಟಾಕ್ಸಿನ್ ಎಂದು 1964ರಲ್ಲಿ ಅವರೂ ಜ್ಯಾಕ್ ಲೆವಿನ್ ಅವರೂ ತೋರಿಸಿದರು. ಮನುಷ್ಯನಲ್ಲಿ ಬಿಳಿ ಕಣಗಳ ಮೂಲಕ ಸುತ್ತಿಬಳಸಿ ಆಗುವುದು ಈ ಏಡಿಯಲ್ಲಿ ನೇರವಾಗಿ ಆಗುತ್ತದೆ. ನಾಳಕ್ಕೆ ಹಾಕುವ ದ್ರಾವಣದ ಮೇಲಿನ ಸಂಶಯ ನಮ್ಮ ರಾಜ್ಯದಲ್ಲೂ ಎದ್ದಿತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಸಾವುಗಳ ಕಾರಣವನ್ನು ಹೇಳಬೇಕಾದ್ದು ತನಿಖೆ. ಆದರೆ ಬಾಟಲಿಯ ದ್ರಾವಣಕ್ಕೆ ಎಂಡೋಟಾಕ್ಸಿನ್ ಪರೀಕ್ಷೆ ಏಕೆ ಬೇಕು, ಬಾಣಂತಿಯ ಮೈ ಅದಕ್ಕೆ ಏಕೆ ಬೇಗ ಬಲಿಯಾಗುತ್ತದೆ ಎಂಬುದು ಇಡೀ ರಾಜ್ಯ ಅರಿತಿರಬೇಕಾದ ವಿಷಯ.

ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ಎಂಡೋಟಾಕ್ಸಿನ್ ಇಲ್ಲದಿದ್ದರೂ ಬೇರೆ ಉಪಾಯಗಳಿವೆ. ಕುರು, ಕೀವಿನ ಗಾಯಗಳಲ್ಲಿ ಕಾಣುವ ಸ್ಟೆಫಿಲೊಕಾಕಸ್ ಆರಿಯಸ್ ಕೊಆಗ್ಯುಲೇಸ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದು ಪ್ರೋಥ್ರಾಂಬಿನ್‌ಗೆ ಅಂಟಿಕೊಂಡು, ಅದನ್ನು ಕತ್ತರಿಸದೆಯೇ ಥ್ರಾಂಬಿನ್‌ನ ಕೆಲಸ ಮಾಡಿಸುತ್ತದೆ. ಮೈಯ ತಡೆಗಳು ನಿಜವಾದ ಥ್ರಾಂಬಿನ್ ಅನ್ನು ಹಿಡಿಯಬಲ್ಲವು, ಈ ಜೋಡಿಯನ್ನು ಹಿಡಿಯಲಾರವು. ಬ್ಯಾಕ್ಟೀರಿಯಾ ತನ್ನ ಸುತ್ತ ಫೈಬ್ರಿನ್ ಹೊದ್ದು ಬಿಳಿ ಕಣಗಳ ಕಣ್ಣು ತಪ್ಪಿಸುತ್ತದೆ. ಮೊಲದ ಪ್ಲಾಸ್ಮಾದ ಕೊಳವೆಗೆ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಹಾಕಿ ಗಟ್ಟಿಯಾಗುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆ ಇದೇ ಗುಣವನ್ನು ಬಳಸುತ್ತದೆ. ಸ್ಟ್ರೆಪ್ಟೊಕಾಕಸ್ ಇದಕ್ಕೆ ತದ್ವಿರುದ್ಧವಾಗಿ ಹೆಪ್ಪು ಕರಗಿಸುವ ವಸ್ತುವನ್ನೂ ತಯಾರಿಸುತ್ತದೆ. 1933ರಲ್ಲಿ ಪತ್ತೆಯಾದ ಆ ವಸ್ತುವೇ ಮುಂದೆ ಹೃದಯಾಘಾತಕ್ಕೆ ಕೊಡುವ ಸ್ಟ್ರೆಪ್ಟೊಕೈನೇಸ್ ಇಂಜೆಕ್ಷನ್ ಆಯಿತು.

ಆಮಶಂಕೆ ತರುವ ಷಿಗೆಲ್ಲಾದ ಒಂದು ಬಗೆ ಮತ್ತು ಇ. ಕೊಲೈನ ಕೆಲವು ತಳಿಗಳು ಬಿಡುವ ಷಿಗಾ ವಿಷದ ರೀತಿ ಬೇರೆ. ಅದು ಮೂತ್ರಪಿಂಡದ ಸಣ್ಣ ನಾಳಗಳ ಹಾಸಿಗೆ ಅಂಟಿ, ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಹಾನಿಗೊಂಡ ಜಾಗದಲ್ಲಿ ಮುಖ್ಯವಾಗಿ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಆ ಇಕ್ಕಟ್ಟಿನಲ್ಲಿ ಹಾಯುವ ಕೆಂಪು ಕಣಗಳು ಹರಿದು ಚೂರಾಗುತ್ತವೆ. ರಕ್ತಭೇದಿಯಾದ ಮಗುವಿನ ಮುಖ ಬಿಳಿಚಿ ಮೂತ್ರ ಕಡಿಮೆಯಾದರೆ ಈ ಅನುಮಾನ ಬರಬೇಕು.

ಅಥಣಿ ತಾಲೂಕಿನ ಅನಂತಪುರದಿಂದ ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯವರೆಗಿನ ಕೃಷ್ಣಾ ಮತ್ತು ದೂಧಗಂಗಾ ಸೀಮೆಯಲ್ಲಿ ಎಂಡೋಟಾಕ್ಸಿನ್‌ನ ಕೆಲಸವನ್ನು ಅತಿ ಸ್ಪಷ್ಟವಾಗಿ ಕಾಣಬಹುದಾದದ್ದು ದನದ ಕೊಟ್ಟಿಗೆಯಲ್ಲಿ. ಗಳಲೆ ರೋಗ, ಗಂಟಲು ಬೇನೆ ಎಂದು ಕರೆಯುವ ಕಾಯಿಲೆಗೆ ಕಾರಣ ಪಾಶ್ಚುರೆಲ್ಲಾ ಮಲ್ಟೊಸಿಡಾ. ಮಳೆಗಾಲ ಹಿಡಿದು ನೆಲ ಕೆಸರಾಗಿ, ಮೇವು ಕಡಿಮೆಯಾಗಿ ಜಾನುವಾರು ಬಳಲಿದಾಗ ಅದು ತಲೆಯೆತ್ತುತ್ತದೆ. 2005, 2019, 2021ರಂಥ ಮಹಾಪೂರಗಳಲ್ಲಿ ನದಿದಂಡೆಯ ಊರುಗಳ ದನಗಳನ್ನೆಲ್ಲ ಒಂದೆಡೆ ಕಟ್ಟಬೇಕಾಗಿ ಬಂದಾಗ ಇಂಥ ರೋಗಗಳ ಭಯ ಹೆಚ್ಚು. ಎಮ್ಮೆಗಳಿಗೆ ಆಕಳಿಗಿಂತ ಇದು ಜೋರಾಗಿ ತಗಲುತ್ತದೆ. ಒಮ್ಮೆಲೇ ಜ್ವರ, ಬಾಯಲ್ಲಿ ಜೊಲ್ಲು, ಗಂಟಲಿನಿಂದ ಎದೆಯವರೆಗೆ ಬಿಸಿಯಾದ ಬಾವು, ಗೊರಗೊರ ಉಸಿರು, ಹಲವು ಸಲ ಒಂದೇ ದಿನದೊಳಗೆ ಸಾವು. ಸತ್ತ ಎಮ್ಮೆಯ ಒಳಾಂಗಗಳ ಮೇಲೆಲ್ಲ ರಕ್ತದ ಚುಕ್ಕೆಗಳಿರುತ್ತವೆ. ಬ್ಯಾಕ್ಟೀರಿಯಾ ಇಲ್ಲದೆ ಅದರ ಎಂಡೋಟಾಕ್ಸಿನ್ ಒಂದನ್ನೇ ಎಮ್ಮೆಗಳ ರಕ್ತಕ್ಕೆ ಸೇರಿಸಿ ನೋಡಿದಾಗಲೂ ರೋಗದ ಚಿತ್ರ ಬಹುಮಟ್ಟಿಗೆ ಹಾಗೆಯೇ ಮೂಡಿತು. ಬಾವು ಕಾಣಿಸಿದ ಮೇಲೆ ಔಷಧಿಗೆ ಸಿಗುವ ಸಮಯ ಬಹಳ ಕಡಿಮೆ. ಮುಂಗಾರಿಗೆ ಮೊದಲೇ ಹಾಕಿಸುವ ಲಸಿಕೆಯೇ ಇಲ್ಲಿ ನಂಬಬೇಕಾದದ್ದು. ರಕ್ತ ಸೋರುವ ಇನ್ನೊಂದು ದನದ ಕಾಯಿಲೆ ನೆರಡಿ, ಅಂದರೆ ಆಂಥ್ರಾಕ್ಸ್. ಅದರಿಂದ ಸತ್ತ ದನದ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಹರಿಯುತ್ತದೆ. ಅಂಥ ಹೆಣವನ್ನು ಕೊಯ್ಯದೆ ಆಳವಾಗಿ ಹೂಳಬೇಕು, ಇಲ್ಲವಾದರೆ ಗಾಳಿ ತಗುಲಿದ ರೋಗಾಣು ಬೀಜಕಣವಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ.

ಇದೇ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಕೊಳಕುಮಂಡಲ ಹಾವು ಕಚ್ಚಿದರೂ ರಕ್ತ ನಿಲ್ಲದೆ ಸೋರುತ್ತದೆ. ಹೊರಗಿನಿಂದ ಇದೂ ಬ್ಯಾಕ್ಟೀರಿಯಾದ ನಂಜೂ ಒಂದೇ ಥರ ಕಂಡರೂ ಒಳಗಿನ ದಾರಿ ಬೇರೆ. ಹಾವಿನ ವಿಷ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ನೇರವಾಗಿ ಎಬ್ಬಿಸುತ್ತದೆ, ಬಿಳಿ ಕಣಗಳ ಮಧ್ಯಸ್ಥಿಕೆ ಅದಕ್ಕೆ ಬೇಡ. ಹಾಗಾಗಿ ವಿಷಕ್ಕೆ ಪ್ರತಿವಿಷ ಬಿದ್ದರೆ ಪ್ರಕ್ರಿಯೆ ಅಲ್ಲಿಗೆ ನಿಲ್ಲುತ್ತದೆ. ಒಣಗಿದ ಗಾಜಿನ ಕೊಳವೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಗಟ್ಟಿಯಾಯಿತೇ ಎಂದು ನೋಡುವ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಬ್ಯಾಕ್ಟೀರಿಯಾದ ನಂಜಿಗೆ ಇಷ್ಟು ಸರಳವಾದ ಪ್ರತಿವಿಷ ಇಲ್ಲ, ಏಕೆಂದರೆ ಅಲ್ಲಿ ರಕ್ತವನ್ನು ಗಟ್ಟಿ ಮಾಡುತ್ತಿರುವುದು ಮೈಯದೇ ಪ್ರತಿಕ್ರಿಯೆ.

ಹೆಪ್ಪನ್ನು ತಡೆದರೆ ಜೀವ ಉಳಿಯುತ್ತದೆ ಎಂಬ ಆಸೆ ದೊಡ್ಡದಾಗಿತ್ತು. ಇ. ಕೊಲೈ ಚುಚ್ಚಿದ ಬಬೂನ್ ಮಂಗಗಳಲ್ಲಿ ಟಿಶ್ಯೂ ಫ್ಯಾಕ್ಟರ್‌ಗೆ ತಡೆಯೊಡ್ಡಿದಾಗ ಅವು ಬದುಕಿದವು ಎಂದು 1991ರಲ್ಲಿ ಅಮೆರಿಕದ ಫ್ಲೆಚರ್ ಟೇಲರ್ ತಂಡ ವರದಿ ಮಾಡಿತು. ಅದೇ ವರ್ಷದ ಅವರ ಇನ್ನೊಂದು ಪ್ರಯೋಗದಲ್ಲಿ ಹತ್ತನೆಯ ಅಂಶದ ಹಂತದಲ್ಲಿ ತಡೆದಾಗ ಹೆಪ್ಪು ನಿಂತಿತು, ಮಂಗಗಳು ಮಾತ್ರ ಉಳಿಯಲಿಲ್ಲ. ಈ ಎರಡನೆಯ ಫಲಿತಾಂಶಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. 2001ರಲ್ಲಿ 1,690 ರೋಗಿಗಳ ಪರೀಕ್ಷೆಯಲ್ಲಿ ಎಚ್ಚರಿಸಿದ ಪ್ರೋಟೀನ್ ಸಿ ಔಷಧಿ ಸಾವಿನ ಪ್ರಮಾಣವನ್ನು ಶೇಕಡ 30.8ರಿಂದ 24.7ಕ್ಕೆ ಇಳಿಸಿದಂತೆ ಕಂಡು, ಅದು ದುಬಾರಿ ಬೆಲೆಗೆ ಮಾರುಕಟ್ಟೆಗೆ ಬಂದಿತು. ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ ಲಾಭ ಕಾಣದೆ 2011ರ ಅಕ್ಟೋಬರ್‌ನಲ್ಲಿ ವಾಪಸಾಯಿತು. ಆಂಟಿಥ್ರಾಂಬಿನ್ ಕೊಟ್ಟು ನೋಡಿದ 2,314 ರೋಗಿಗಳ ಪರೀಕ್ಷೆಯೂ ಫಲಿಸಿರಲಿಲ್ಲ. ಹೆಪ್ಪು ನಂಜಿನ ಒಂದು ಕೈ ಮಾತ್ರ, ಅದನ್ನು ಹಿಡಿದರೆ ನಂಜು ನಿಲ್ಲುವುದಿಲ್ಲ ಎಂದು ಈ ಸೋಲುಗಳು ತೋರಿಸಿದವು.

ಹಾಗಾಗಿ ಚಿಕಿತ್ಸೆಯ ತಿರುಳು ಸೋಂಕಿನ ಮೂಲಕ್ಕೆ ಬೇಗ ಕೈಹಾಕುವುದು: ತಕ್ಕ ಆಂಟಿಬಯೋಟಿಕ್, ಕೀವು ತುಂಬಿದ್ದರೆ ಹೊರತೆಗೆಯುವುದು, ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿದ್ದರೆ ತೆರವು ಮಾಡುವುದು. ರಕ್ತದೊತ್ತಡ ಕುಸಿದ 2,731 ನಂಜಿನ ರೋಗಿಗಳ ದಾಖಲೆ ನೋಡಿದ 2006ರ ಒಂದು ಅಧ್ಯಯನದಲ್ಲಿ ಮೊದಲ ಆರು ತಾಸುಗಳಲ್ಲಿ ಔಷಧಿ ಒಂದೊಂದು ತಾಸು ತಡವಾದಷ್ಟೂ ಬದುಕುವ ಸಾಧ್ಯತೆ ಸರಾಸರಿ ಶೇಕಡ 7.6ರಷ್ಟು ಕುಗ್ಗಿತ್ತು. ಅಥಣಿ, ಕಾಗವಾಡದವರು ಮಿರಜ್, ಸಾಂಗಲಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೆ ಹೊರಡುವ ವಾಡಿಕೆ ಇದೆ. ವಾಹನ ಹತ್ತಿಸುವ ಮೊದಲೇ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಬೀಳುವುದು ದೂರದ ದೊಡ್ಡ ಆಸ್ಪತ್ರೆಯ ಹೆಸರಿಗಿಂತ ಮುಖ್ಯ. ಚಳಿಜ್ವರದ ಜೊತೆ ತಡವರಿಸುವ ಮಾತು, ಏದುಸಿರು, ಮೂತ್ರ ಕಡಿಮೆಯಾಗುವುದು, ಒತ್ತಿದರೂ ಮಾಸದ ನೇರಳೆ ಚುಕ್ಕೆ ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಡಿಐಸಿಯನ್ನು ಒಂದೇ ಪರೀಕ್ಷೆ ಹೇಳಲಾರದು. ಪ್ಲೇಟ್‌ಲೆಟ್ ಸಂಖ್ಯೆ, ರಕ್ತ ಗಟ್ಟಿಯಾಗುವ ಸಮಯ, ಫೈಬ್ರಿನೋಜನ್, ಕರಗಿದ ಫೈಬ್ರಿನ್‌ನ ಚೂರಾದ ಡಿ ಡೈಮರ್, ಈ ನಾಲ್ಕಕ್ಕೂ ಅಂಕ ಕೊಟ್ಟು ಮೊತ್ತ ಐದನ್ನು ಮುಟ್ಟಿತೇ ಎಂದು ನೋಡುವ ಕ್ರಮ 2001ರಿಂದ ಬಳಕೆಯಲ್ಲಿದೆ. ಒಂದು ಸಲದ ಅಂಕಿಗಿಂತ ಪ್ಲೇಟ್‌ಲೆಟ್, ಫೈಬ್ರಿನೋಜನ್ ತಾಸಿನಿಂದ ತಾಸಿಗೆ ಇಳಿಯುತ್ತಿವೆಯೇ ಎಂಬುದು ಹೆಚ್ಚು ಹೇಳುತ್ತದೆ. ಗರ್ಭಿಣಿಯಲ್ಲಿ ಫೈಬ್ರಿನೋಜನ್ ಮೊದಲೇ ಏರಿರುವುದರಿಂದ, ಬೇರೆಯವರಿಗೆ ಸರಿ ಎನಿಸುವ, ಡೆಸಿಲೀಟರಿಗೆ 200 ಮಿಲಿಗ್ರಾಂ ಮಟ್ಟ ಅವಳ ಪಾಲಿಗೆ ಅಪಾಯದ ಗುರುತು. ಪ್ಲೇಟ್‌ಲೆಟ್, ಪ್ಲಾಸ್ಮಾ ಕೊಡುವುದು ಸಾಮಾನ್ಯವಾಗಿ ಸ್ರಾವ ಆಗುತ್ತಿದ್ದರೆ ಅಥವಾ ಶಸ್ತ್ರಕ್ರಿಯೆ ಆಗಬೇಕಿದ್ದರೆ, ಬರೀ ಅಂಕಿ ಸರಿಪಡಿಸಲಿಕ್ಕಲ್ಲ. ಸೋಂಕು ಹತೋಟಿಗೆ ಬಂದು ಯಕೃತ್ತು ಚೆನ್ನಾಗಿದ್ದರೆ ಫೈಬ್ರಿನೋಜನ್ ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಪ್ಲೇಟ್‌ಲೆಟ್‌ಗಳು ಏರಲು ಅದಕ್ಕಿಂತ ಸ್ವಲ್ಪ ಹೆಚ್ಚು ದಿನ ಹಿಡಿಯುತ್ತವೆ.